ಮಗಳನ್ನು ಕಳೆದುಕೊಂಡ ಅಪ್ಪ ಯಾವ ಲಿಪಿಯಲ್ಲಿ ಬರೆದ?

ಅಕ್ಕನ ಮಗಳು ಜಪಾನಿ ಭಾಷೆ ಕಲಿಯುತ್ತಿದ್ದಾಳೆ. ಮೊನ್ನೆ ಅವರ ಮನೆಗೆ ಹೋದಾಗ ಫ್ರಿಜ್ ಮೇಲೆ ಅಂಟಿಸಿದ ಚಾರ್ಟನ್ನು ಓದಿ ತೋರಿಸಿದಳು. ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. "ಮಾಮ, ನಮ್ಮ ವರ್ಣಮಾಲೆ ಥರಾನೇ ಇದೆ ಅಲ್ವಾ?" ಅಂದಳು. ಹೌದು. ಈ ಕ್ರಮ ಬೌದ್ಧ ಧರ್ಮದ ಜೊತೆ ಭಾರತದಿಂದ ಚೀನಾ ದಾಟಿ ಅಲ್ಲಿಗೆ ಹೋಯಿತು. ಆದರೆ ಅಕ್ಷರಗಳ ರೂಪ ಹುಟ್ಟಿದ್ದು ಚೀನೀ ಬರಹದಿಂದ.

ಅವಳ ಚಾರ್ಟಿನ 'ಕ' ನೋಡಿ. 'ಕೂಡಿಸು' ಅನ್ನುವ ಅರ್ಥದ ಒಂದು ಚೀನೀ ಅಕ್ಷರವಿದೆ. ಜಪಾನಿನವರು ಅರ್ಥ ಬಿಟ್ಟು 'ಕ' ಅನ್ನುವ ಸದ್ದನ್ನಷ್ಟೇ ಇಟ್ಟುಕೊಂಡರು. ಅದನ್ನೇ ಕುಂಚದಲ್ಲಿ ಸರಸರ ಬರೆದೂ ಬರೆದೂ ಹಿರಗಾನ ಅನ್ನುವ ಜಪಾನಿ ಲಿಪಿಯ 'ಕ' ಆಯಿತು. ಎಡಗಡೆಯ ಅರ್ಧ ಮಾತ್ರ ಉಳಿಸಿಕೊಂಡಿದ್ದು ಅವರ ಇನ್ನೊಂದು ಲಿಪಿ ಕತಕಾನದ 'ಕ'.

ಇಷ್ಟೆಲ್ಲ ಪಾಡು ಯಾಕೆ? ಚೀನೀ ಭಾಷೆಯಲ್ಲಿ 'ನಾನು ತಿಂದೆ ಅನ್ನ' ಅನ್ನುತ್ತಾರೆ. ಜಪಾನಿ, ಕೊರಿಯನ್ ಎರಡೂ ನಮ್ಮ ಹಾಗೆ, 'ನಾನು ಅನ್ನ ತಿಂದೆ'. ಅನ್ನು, ಇಗೆ, ಅಲ್ಲಿ ಅಂತ ನಾವು ಹಚ್ಚುವ ಪ್ರತ್ಯಯಗಳೂ ಅವರಲ್ಲಿವೆ. ಚೀನೀ ಬರಹದಲ್ಲಿ ಅವಕ್ಕೆ ಜಾಗವೇ ಇಲ್ಲ. ಜಪಾನಿನ ಪಂಡಿತರು ಚೀನೀ ಸಾಲಿನ ಪಕ್ಕ ಚಿಕ್ಕ ಚಿಕ್ಕ ಗುರುತು ಹಾಕಿಕೊಂಡು, ಮೇಲೆ ಕೆಳಗೆ ಹಾರುತ್ತಾ ತಮ್ಮ ಮಾತಿನಲ್ಲಿ ಓದುತ್ತಿದ್ದರು.

'ಚೀನಾ ಕೊಟ್ಟಿತು, ಅಕ್ಕಪಕ್ಕದವರು ತಗೊಂಡರು' ಅಂತ ಒಂದೇ ಸಾಲಿನಲ್ಲಿ ಮುಗಿಸುವವರನ್ನು ಕಂಡರೆ ನನಗೆ ಬೇಜಾರಾಗುವುದು ಇದಕ್ಕೇ. ತಗೊಂಡವರ ದುಡಿಮೆ ಅಲ್ಲಿ ಕಾಣುವುದೇ ಇಲ್ಲ.

ಕೊಟ್ಟಿದ್ದು ದೊಡ್ಡದೇ. ಜಪಾನಿನ ನಾರಾ ನಗರವನ್ನು 710ರಲ್ಲಿ ಚೀನಾದ ಆಗಿನ ರಾಜಧಾನಿ ಚಾಂಗಾನ್ ನೋಡಿಯೇ ಕಟ್ಟಿದರು. ಹನೋಯಿಯಲ್ಲಿ 1070ರಲ್ಲೇ ಚೀನೀ ಚಿಂತಕ ಕನ್ಫ್ಯೂಷಿಯಸ್‌ನಿಗೆ ಗುಡಿ ಎದ್ದಿತು. ಅಧಿಕಾರಿಗಳನ್ನು ಆರಿಸುವ ಚೀನೀ ಮಾದರಿಯ ಪರೀಕ್ಷೆಗಳು ವಿಯೆಟ್ನಾಮಿನಲ್ಲಿ 1919ರವರೆಗೂ ನಡೆದವು. 1597ರಲ್ಲಿ ವಿಯೆಟ್ನಾಮಿನ ರಾಯಭಾರಿ ಫುಂಗ್ ಖಾಕ್ ಖೋಆನ್ ಮತ್ತು ಕೊರಿಯಾದ ಯಿ ಸು-ಗ್ವಾಂಗ್ ಬೀಜಿಂಗಿನಲ್ಲಿ ಭೇಟಿಯಾದರು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. ಆದರೂ ಚೀನೀ ಅಕ್ಷರದಲ್ಲಿ ಪದ್ಯ ಬರೆದು ಬರೆದು ಕೊಟ್ಟುಕೊಂಡರು. ಇದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಆದರೆ ಆ ಕೋಣೆಯ ಹೊರಗಿದ್ದವರು? ರೈತರು, ಹೆಂಗಸರು, ದೂರು ಕೊಡಲು ಬಂದ ಬಡವರು?

ಕೊರಿಯಾದ ರಾಜ ಸೆಜೊಂಗ್‌ಗೆ ಕಾಡಿದ್ದು ಇದೇ. ನಮ್ಮ ಮಾತು ಚೀನಾದ್ದಕ್ಕಿಂತ ಬೇರೆ, ಓದದ ಜನ ಹೇಳಬೇಕಾದ್ದನ್ನು ಹೇಳಲಾಗದೆ ಹೋಗುತ್ತಾರೆ ಎಂದು 1446ರಲ್ಲಿ 28 ಅಕ್ಷರಗಳ ಹೊಸ ಲಿಪಿ ಹೊರತಂದ. ಒಮ್ಮೆ 'ಕ' ಅಂದು ನೋಡಿ. ನಾಲಿಗೆಯ ಬುಡ ಮೇಲೆದ್ದು ಗಂಟಲು ಮುಚ್ಚುತ್ತದಲ್ಲ, ಆ ಆಕಾರವನ್ನೇ ಅಕ್ಷರ ಮಾಡಿದರು. ಅದಕ್ಕೂ ಎರಡು ವರ್ಷ ಮೊದಲೇ ಆಸ್ಥಾನದ ವಿದ್ವಾಂಸ ಚ್ವೆ ಮನ್-ರಿ ವಿರೋಧಿಸಿದ್ದ. ಸ್ವಂತ ಲಿಪಿ ಇಟ್ಟುಕೊಳ್ಳುವುದು ಮಂಗೋಲರಂಥ, ಜಪಾನೀಯರಂಥ ಅನಾಗರಿಕರ ಕೆಲಸ ಅನ್ನುವುದು ಅವನ ವಾದ. ಸರ್ಕಾರಿ ಕಾಗದಪತ್ರಕ್ಕೆ ಆ ಲಿಪಿ ಬಂದಿದ್ದು 1894ರಲ್ಲಿ. ನಾಲ್ಕೂವರೆ ಶತಮಾನ!

ವಿಯೆಟ್ನಾಮಿನವರು ಅರ್ಥಕ್ಕೊಂದು, ಸದ್ದಿಗೊಂದು ಚೀನೀ ಅಕ್ಷರ ಜೋಡಿಸಿ ತಮ್ಮದೇ 'ನೋಮ್' ಲಿಪಿ ಮಾಡಿಕೊಂಡರು. ಅದರಲ್ಲಿ ಒಳ್ಳೆಯ ಕಾವ್ಯಗಳು ಬಂದವು. ಆದರೆ ಅದನ್ನು ಓದಲು ಮೊದಲು ಚೀನೀ ಅಕ್ಷರ ಗೊತ್ತಿರಬೇಕು. ಹಾಗಾಗಿ ಬಡವರ ತನಕ ಅದು ಇಳಿಯಲಿಲ್ಲ.

ಮತ್ತೆ ಆ ಚಾರ್ಟಿಗೇ ಬರುತ್ತೇನೆ. ಹಿರಗಾನವನ್ನು ಜಪಾನಿನಲ್ಲಿ 'ಹೆಂಗಸರ ಬರಹ' ಅನ್ನುತ್ತಿದ್ದರು. ಗಂಡಸರ ದಿನಚರಿಗಳೆಲ್ಲ ಚೀನೀಯಲ್ಲಿ. ಕಿ ನೊ ತ್ಸುರಯುಕಿ ಎಂಬ ಕವಿ ಟೋಸಾ ಪ್ರಾಂತ್ಯದ ಅಧಿಕಾರಿಯಾಗಿದ್ದವನು, ಅವಧಿ ಮುಗಿಸಿ 935ರಲ್ಲಿ ರಾಜಧಾನಿಗೆ ಮರಳಿದ. ಟೋಸಾದಲ್ಲಿ ಅವನ ಪುಟ್ಟ ಮಗಳು ತೀರಿಕೊಂಡಿದ್ದಳು. ಆ ಪ್ರಯಾಣದ ದಿನಚರಿಯನ್ನು ಅವನು ಹೆಂಗಸೊಬ್ಬಳು ಬರೆದಂತೆ, ಹೆಂಗಸರ ಲಿಪಿಯಲ್ಲಿ ಬರೆದ.

ಕೊನೆಗೆ ಮನೆ ತಲುಪುತ್ತಾರೆ. ಅಂಗಳ ಹಾಳುಬಿದ್ದಿದೆ. ಹಳೆಯ ಪೈನ್ ಮರಗಳ ನಡುವೆ ಹೊಸ ಸಸಿಗಳು ಎದ್ದಿವೆ. ಈ ಮನೆಯಲ್ಲೇ ಹುಟ್ಟಿದ ಹುಡುಗಿ ಮಾತ್ರ ಜೊತೆಗೆ ವಾಪಸ್ ಬಂದಿಲ್ಲ.