‘ನೀ ಬಂದ್ರ ನಾ ಬರ್ತೀನಿ’ ಅನ್ನೋಕೆ ಬಟನ್ ಇಲ್ಲ

2025ರ ಡಿಸೆಂಬರ್ 28ರ ರವಿವಾರ ನಮ್ಮ 2000ನೇ ಇಸವಿಯ ಎಸ್ಸೆಸ್ಸೆಲ್ಸಿ ಬ್ಯಾಚಿನ ಗುರುವಂದನೆ ಮುಗಿಯಿತು. ಫೋಟೋ ಎಲ್ಲರೂ ಹಾಕಿದ್ದೀರಿ, ನಾನೂ ಹಾಕಿದ್ದೇನೆ. ಈಗ ಬರೆಯುತ್ತಿರುವುದು ಆ ದಿನದ ಬಗ್ಗೆ ಅಲ್ಲ. ಆ ಒಂದು ತಾರೀಖು ಹುಡುಕೋಕೆ ನಾವು ಪಟ್ಟ ಪಾಡಿನ ಬಗ್ಗೆ, ಅದಕ್ಕೆ ಬಳಸಿದ ಆನ್‌ಲೈನ್ ಸಾಧನದ ಬಗ್ಗೆ. ಬೇರೆ ಬ್ಯಾಚಿನ ಮೂವರು ಈಗಾಗಲೇ ಫೋನ್ ಮಾಡಿ "ಅದ್ಯಾವ ಆಪ್‌ರೀ, ನಮಗೂ ಹೇಳ್ರಿ" ಅಂದಿದ್ದಾರೆ. ಒಬ್ಬೊಬ್ಬರಿಗೂ ಹೇಳುತ್ತ ಕೂರುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ಬಾಗಲಕೋಟೆಯ ನವನಗರದಲ್ಲಿ ನನ್ನದು ಝೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿ ತುಂಬಿಕೊಡುತ್ತೇನೆ. ದಿನವೆಲ್ಲ ಕಂಪ್ಯೂಟರ್ ಮುಂದೆ ಕೂತಿರುತ್ತಾನೆ ಅನ್ನೋ ಒಂದೇ ಕಾರಣಕ್ಕೆ ಈ ಕೆಲಸ ನನ್ನ ಕೊರಳಿಗೆ ಬಿತ್ತು. ಬ್ಯಾಚಿನಲ್ಲಿ 46 ಮಂದಿ. ಹಳೇ ಬಾಗಲಕೋಟೆಯಲ್ಲಿ ನಾವು ಆಡಿದ ಓಣಿಗಳು ಆಲಮಟ್ಟಿ ಹಿನ್ನೀರಿಗೆ ಹೋದವು. ಮನೆ ಕಳೆದುಕೊಂಡವರು ಕೆಲವರು ನವನಗರದ ಸೆಕ್ಟರಿಗೆ ಬಂದರು, ಕೆಲವರು ಪರಿಹಾರದ ದುಡ್ಡು ತಗೊಂಡು ಊರನ್ನೇ ಬಿಟ್ಟರು. ಈಗ ಬೆಂಗಳೂರು, ಪುಣೆ, ಹುಬ್ಬಳ್ಳಿಯಲ್ಲಿ ಅರ್ಧ ಬ್ಯಾಚು. ಒಬ್ಬ ದುಬೈನಲ್ಲಿ. ಹತ್ತು ಹನ್ನೆರಡು ಮಂದಿ ಮುಧೋಳ, ಜಮಖಂಡಿ, ಬೀಳಗಿ ಕಡೆ ಹೊಲ ಮಾಡಿಕೊಂಡಿದ್ದಾರೆ. ಇವರೆಲ್ಲರಿಗೂ ಹೊಂದುವ ಒಂದು ರವಿವಾರ ಬೇಕಿತ್ತು, ಅಷ್ಟೇ.

ಮೊದಲು ವಾಟ್ಸಾಪ್ ಗ್ರೂಪಿನಲ್ಲೇ ಕೇಳಿದೆ. ಮೂರು ದಿನದಲ್ಲಿ ನಾಲ್ಕುನೂರರ ಹತ್ತಿರ ಮೆಸೇಜು. ಅದರಲ್ಲಿ ತಾರೀಖು ಇದ್ದದ್ದು ಹನ್ನೊಂದರಲ್ಲಿ. ಉಳಿದದ್ದು ಹೂವು, ನಮಸ್ಕಾರದ ಕೈ, ಯಾರದೋ ಮಗಳ ಹುಟ್ಟುಹಬ್ಬ, ಒಂದು ರಾಜಕೀಯ ಜಗಳ. ವಾಟ್ಸಾಪ್‌ನಲ್ಲೇ ಪೋಲ್ ಇದೆ, 2022ರ ಕೊನೆಯಲ್ಲಿ ಬಂತು. ಹನ್ನೆರಡು ಆಯ್ಕೆ ಹಾಕಬಹುದು, ಯಾರು ಯಾವುದಕ್ಕೆ ಒತ್ತಿದರು ಅನ್ನೋದು ಎಲ್ಲರಿಗೂ ಕಾಣುತ್ತದೆ. ಎರಡು ಮೂರು ತಾರೀಖಿಗೆ ಇಳಿದ ಮೇಲೆ ಅದು ಧಾರಾಳ ಸಾಕು. ನಮ್ಮ ಗ್ರೂಪಿನ ಗದ್ದಲದಲ್ಲಿ ಮೊದಲಿಗೇ ಅದನ್ನ ಹಾಕಿದ್ದು ಸಂತೆಯಲ್ಲಿ ನಿಂತು ಹಾಜರಿ ಕರೆದಂತಾಯಿತು.

ಆಮೇಲೆ ಇದಕ್ಕೇ ಅಂತ ಇರುವ ಸೈಟುಗಳ ಕಡೆ ತಿರುಗಿದೆ. ಸಾಕಷ್ಟಿವೆ. ಡೂಡಲ್ ಅನ್ನೋದು 2007ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನಲ್ಲಿ ಶುರುವಾದ ಕಂಪನಿ. ನೀವು ತಾರೀಖುಗಳನ್ನ ಹಾಕಿ ಲಿಂಕ್ ಕಳಿಸುತ್ತೀರಿ. ಬಂದವರು ಪ್ರತಿ ತಾರೀಖಿಗೂ ‘ಆಗುತ್ತೆ’, ‘ಆಗಲ್ಲ’, ‘ಬೇಕೇ ಬೇಕಂದ್ರೆ ಆಗುತ್ತೆ’ ಅಂತ ಒತ್ತುತ್ತಾರೆ. ವೆನ್‌ಟುಮೀಟ್ ಅಂತ ಇನ್ನೊಂದಿದೆ. ಅದರಲ್ಲಿ ದಿನ ಮತ್ತು ಗಂಟೆಯ ಚೌಕ ಬರುತ್ತದೆ, ನಿಮಗೆ ಬಿಡುವಿರುವ ಖಾನೆಗಳಿಗೆ ಬಣ್ಣ ಹಚ್ಚುತ್ತ ಹೋಗಬೇಕು. ಜಾಸ್ತಿ ಮಂದಿ ಬಿಡುವಿದ್ದ ಕಡೆ ಹಸಿರು ಗಾಢವಾಗುತ್ತದೆ. ಗಂಟೆ ಹುಡುಕೋಕೆ ಚಂದ, ತಿಂಗಳು ಹುಡುಕೋಕೆ ಅಲ್ಲ. ಕೊನೆಗೆ ನಾವು ಬಳಸಿದ್ದು ಇವೆರಡೂ ಅಲ್ಲ, ಬೇರೊಂದು. ಹೆಸರು ಹೇಳಲ್ಲ. ಹೆಸರು ಹಿಡಿದು ಬೈದರೆ ಅದೊಂದೇ ಕೆಟ್ಟದ್ದು ಅಂತಾಗುತ್ತದೆ, ನೋಡಿದರೆ ಎಲ್ಲವೂ ಅಣ್ಣತಮ್ಮಂದಿರೇ.

ಮೊದಲು ಹೊಗಳಿಬಿಡುತ್ತೇನೆ. ನಮ್ಮದು ಏಳು ಜನರ ಕಮಿಟಿ. ವಾರಕ್ಕೊಮ್ಮೆ ವಿಡಿಯೋ ಕಾಲಿನಲ್ಲಿ ಸೇರಬೇಕಿತ್ತು. ಸಂಜೆ ಲಿಂಕ್ ಹಾಕಿದೆ, ರಾತ್ರಿ ಊಟ ಮುಗಿಯೋದರೊಳಗೆ ಏಳೂ ಮಂದಿ ತುಂಬಿದ್ದರು. ಗುರುವಾರ ರಾತ್ರಿ ಒಂಬತ್ತೂವರೆ ಅಂತ ತಾನೇ ಎದ್ದು ಕಂಡಿತು. ಒಂದು ಫೋನ್ ಇಲ್ಲ, ಒಂದು "ಮತ್ತೆ ಹೇಳ್ತೀನಿ" ಇಲ್ಲ. ಇದಲ್ವಾ ಬೇಕಾದದ್ದು ಅಂತ ಹುರುಪಾಗಿ, ಅದೇ ಹುರುಪಿನಲ್ಲಿ ಇಡೀ ಬ್ಯಾಚಿಗೆ ಲಿಂಕ್ ಬಿಟ್ಟೆ. ನವೆಂಬರ್, ಡಿಸೆಂಬರಿನ ಅಷ್ಟೂ ರವಿವಾರ.

ಮೊದಲ ತೊಡಕು ಬಸವರಾಜ. ನಮ್ಮ ಬ್ಯಾಚಿನಲ್ಲಿ ಬಸವರಾಜರೇ ನಾಲ್ಕು ಮಂದಿ. ಉದ್ದನೆ ಬಸು, ಕಿರಾಣಿ ಬಸು, ಎಲ್‌ಐಸಿ ಬಸು, ಗಡ್ಡದ ಬಸು. ಸೈಟಿನಲ್ಲಿ ಲಾಗಿನ್ ಬೇಡ, ಹೆಸರು ಬರೆದರೆ ಸಾಕು. ಅದನ್ನೇ ನಾನು ದೊಡ್ಡ ಗುಣ ಅಂದುಕೊಂಡಿದ್ದೆ. ಮರುದಿನ ನೋಡಿದರೆ ಪಟ್ಟಿಯಲ್ಲಿ ‘ಬಸು’ ಮೂರು ಸಾಲು, ‘ಬಸವರಾಜ’ ಒಂದು, ಇಂಗ್ಲಿಷಿನಲ್ಲಿ ಇನ್ನೊಂದು. ಒಟ್ಟು ಐದು. ಯಾರೋ ಒಬ್ಬ ಎರಡು ಸಲ ತುಂಬಿದ್ದಾನೆ, ಇಲ್ಲವೇ ಒಬ್ಬನ ಸಾಲನ್ನ ಇನ್ನೊಬ್ಬ ತಿದ್ದಿದ್ದಾನೆ. ಹೆಸರಿನ ಜೊತೆ ಮೊಬೈಲಿನ ಕೊನೆಯ ಮೂರು ಅಂಕಿ ಬರೆಯಿರಿ ಅಂತ ಮೊದಲೇ ಹೇಳಿದ್ದರೆ ಮುಗಿದಿತ್ತು.

ಎರಡನೆಯದು ದುಬೈ. ಪ್ರತಿ ರವಿವಾರಕ್ಕೂ ಬೆಳಿಗ್ಗೆ ಹತ್ತು, ಸಂಜೆ ಐದು ಅಂತ ಎರಡು ಸಮಯ ಹಾಕಿದ್ದೆ. ಇಂಥ ಸೈಟು ನೋಡುವವರ ಊರಿನ ಗಡಿಯಾರಕ್ಕೆ ಹೊಂದಿಸಿ ಸಮಯ ತೋರಿಸುತ್ತದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಬೆಳಗಿನ ಹತ್ತು ಅವನಿಗೆ ಎಂಟೂವರೆ ಅಂತ ಕಂಡಿದೆ. ಫೋನ್ ಮಾಡಿ, "ಎಂಟೂವರಿಗೆ ಚಾಲೂನಾ? ಸರ್ ನಾಷ್ಟಾ ಮಾಡೋದ್ಯಾವಾಗಲೇ?" ಅಂತ ಬೈದ. ಸಾಧನ ತನ್ನ ಕೆಲಸ ಸರಿಯಾಗೇ ಮಾಡಿತ್ತು. ಇನ್ನೊಬ್ಬ ಜಾಹೀರಾತನ್ನೇ ‘ಮುಂದೆ’ ಅನ್ನೋ ಬಟನ್ ಅಂದುಕೊಂಡು ಒತ್ತಿ ಎಲ್ಲಿಗೋ ಹೋಗಿಬಿಟ್ಟ. ಬಿಟ್ಟಿ ಸೇವೆ, ಜಾಹೀರಾತು ಇರೋದೇ.

ಇವೆಲ್ಲ ಸಣ್ಣವು. ದೊಡ್ಡದು ಬೇರೆ ಇತ್ತು. ನಮ್ಮಲ್ಲಿ ಯಾರೂ ‘ಆಗಲ್ಲ’ ಒತ್ತಲ್ಲ.

ಬರಲಾಗದ ತಾರೀಖನ್ನ ಖಾಲಿ ಬಿಡುತ್ತಾರೆ. ಇಲ್ಲವೇ ಮಧ್ಯದ, ‘ಬೇಕೇ ಬೇಕಂದ್ರೆ ಆಗುತ್ತೆ’ ಅನ್ನೋ ಹಳದಿ ಗುಂಡಿ ಒತ್ತುತ್ತಾರೆ. ನಲವತ್ತು ಮಂದಿಯ ಎದುರು ಕೆಂಪು ಗುರುತು ಹಾಕೋದು ಅಂದರೆ ಗುರುಗಳ ಎದುರೇ ನಿಂತು ನಾ ಬರಂಗಿಲ್ಲ ಅಂದ ಹಾಗೆ. ಡಿಸೆಂಬರ್ 7 ಆಗೋದಿಲ್ಲ ಅಂತ ಎರಡೇ ದಿನದಲ್ಲಿ ಗೊತ್ತಾಗಿತ್ತು, ಒಪ್ಪಿದವರು ಎಂಟು ಮಂದಿ ಸಹ ಇರಲಿಲ್ಲ. ವಾರ ಬಿಟ್ಟು ನೋಡಿದರೆ ಅದಕ್ಕೆ ಹೊಸದಾಗಿ ಆರು ಹಸಿರು, ಅಂದರೆ ‘ಆಗುತ್ತೆ’. ಹುಬ್ಬಳ್ಳಿಯ ಗೆಳೆಯನಿಗೆ ಫೋನ್ ಮಾಡಿ, "ಏನಲೇ, 7ಕ್ಕ ಬರ್ತೀಯೇನ?" ಅಂದೆ. ನಕ್ಕ. "ಅದಂತೂ ಆಗಂಗಿಲ್ಲ ಅಂತ ಗೊತ್ತಿತ್ತು. ಒಂದಕ್ಕೂ ಒತ್ತಲಿಲ್ಲ ಅನ್ನಿಸ್ಕೋಬಾರದಲ್ಲ, ಅದಕ್ಕ ಒತ್ತೀನಿ."

ಇದು ನಮ್ಮ ಮಂದಿಯ ಬುದ್ಧಿ ಅಂದುಕೊಂಡಿದ್ದೆ. ಒಂದು ರಾತ್ರಿ ಹುಡುಕುತ್ತ ಕೂತಾಗ ಗೊತ್ತಾಯಿತು, ಇದರ ಮೇಲೆ ಸಂಶೋಧನೆಯೇ ಆಗಿದೆ. ಜೇಮ್ಸ್ ಝೌ, ರೆಷೆಫ್ ಮೀರ್, ಡೇವಿಡ್ ಪಾರ್ಕ್ಸ್ ಅನ್ನೋ ಮೂವರು ಡೂಡಲ್ ಪೋಲ್‌ಗಳನ್ನ ಜಾಲಾಡಿ 2015ರಲ್ಲಿ ಬರೆದಿದ್ದಾರೆ. ಬೇರೆಯವರ ಉತ್ತರ ಕಾಣುವ ಪೋಲ್‌ನಲ್ಲಿ ಜನ ಎರಡು ಕಡೆ ಜಾಸ್ತಿ ಒತ್ತುತ್ತಾರಂತೆ. ಗೆಲ್ಲುತ್ತಿರುವ ತಾರೀಖಿಗೆ, ಮತ್ತೆ ಖಂಡಿತ ಸೋಲುವ ತಾರೀಖಿಗೆ. ಎರಡನೆಯದು ಸಹಕಾರ ಕೊಡ್ತಿದ್ದೇನೆ ಅಂತ ತೋರಿಸೋಕೆ. ಹುಬ್ಬಳ್ಳಿಯವನಿಗೆ ಇದನ್ನ ಹೇಳಿದೆ. "ಹಂಗಾದ್ರ ನಾ ಇಂಟರ್‌ನ್ಯಾಶನಲ್ ಲೆವೆಲ್ ಆದ್ನಿ ಬಿಡು" ಅಂದ.

ಕೆಲವು ಸಾಧನಗಳಲ್ಲಿ ಒಬ್ಬರ ಉತ್ತರ ಇನ್ನೊಬ್ಬರಿಗೆ ಕಾಣದ ಹಾಗೆ ಮುಚ್ಚಿಡಬಹುದು. ಎರಡನೇ ಸುತ್ತಿನಲ್ಲಿ ಹಾಗೇ ಮಾಡಿದೆ. ಸುಳ್ಳು ಹಸಿರು ಉದುರಿದವು, ನಿಜ. ಆದರೆ ಅದರ ಜೊತೆ ನಮ್ಮ ಬ್ಯಾಚಿನ ಹೆಣ್ಣುಮಕ್ಕಳ ಉತ್ತರಗಳೂ ಉದುರಿಹೋದವು. ನನಗೆ ತಿಳಿಯಲೇ ಇಲ್ಲ. ಮುಂಚೆ ಹಳದಿಯನ್ನಾದರೂ ಒತ್ತಿದ್ದವರು ಈಗ ಲಿಂಕನ್ನೇ ತೆರೆದಿಲ್ಲ.

ಜಮಖಂಡಿಯಲ್ಲಿರುವ ಒಬ್ಬ ಗೆಳತಿಯೇ ಕೊನೆಗೆ ಹೇಳಿದಳು. "ಯಾರ್ಯಾರು ಬರ್ತಾರಂತ ಕಾಣವಲ್ದು. ಮೊದ್ಲ ಕಾಣ್ತಿತ್ತು. ನಾವು ನಾಕೈದ ಮಂದಿ ಕೂಡಿ ಬಂದ್ರ ಮನ್ಯಾಗ ಹೇಳಾಕ ಬರ್ತೈತಿ. ಒಬ್ಬಾಕಿನ ಹೆಂಗ ಬರಲಿ? ಅಕಿ ಬಂದ್ರ ನಾ ಬರ್ತೀನಿ." ಆ ‘ಅಕಿ’ಗೆ ಫೋನ್ ಮಾಡಿದೆ. ಅವಳದೂ ಅದೇ ಮಾತು, ಇವಳ ಹೆಸರು ಹೇಳಿ. ಇಬ್ಬರೂ ಬರೋಕೆ ತಯಾರಿದ್ದರು. ಇಬ್ಬರ ಸಾಲೂ ಖಾಲಿ ಇತ್ತು.

ಈ ಸಾಧನಗಳ ಲೆಕ್ಕ ಏನು ಅಂದರೆ, ಪ್ರತಿಯೊಬ್ಬರಿಗೂ ತನ್ನದೇ ಒಂದು ಬಿಡುವು ಇದೆ, ಅದನ್ನ ಅವರೇ ಬಲ್ಲರು, ಎಲ್ಲರದನ್ನೂ ಒಂದರ ಮೇಲೊಂದು ಇಟ್ಟರೆ ತಾರೀಖು ಸಿಗುತ್ತದೆ. ಕಮಿಟಿಯ ಏಳು ಜನರಿಗೆ ಅದು ನಿಜ. ಎಲ್ಲರೂ ನೌಕರಿಯವರು, ಕ್ಯಾಲೆಂಡರ್ ಅವರ ಕೈಯಲ್ಲೇ ಇದೆ. ಉಳಿದವರ ಬಿಡುವು ಇನ್ನೊಬ್ಬರ ಕೈಯಲ್ಲಿದೆ. ಗೆಳತಿಯ ಬಿಡುವು ಇನ್ನೊಬ್ಬ ಗೆಳತಿಯ ಕೈಯಲ್ಲಿ, ಕಬ್ಬು ಬೆಳೆದ ಗೆಳೆಯನದು ಕಬ್ಬು ಕಡಿಯುವ ಗ್ಯಾಂಗಿನ ಕೈಯಲ್ಲಿ.

ಕಬ್ಬಿನ ಕತೆ ಸ್ವಲ್ಪ ಹೇಳಬೇಕು. ಮುಧೋಳ ಕಡೆಯ ಗೆಳೆಯ ಪಾಪ ನಿಯತ್ತಾಗಿ ತುಂಬಿದ್ದ. ಡಿಸೆಂಬರ್ ಹೊತ್ತಿಗೆ ತನ್ನ ಕಬ್ಬು ಕಟಾವಾಗಿರುತ್ತದೆ ಅಂತ ಲೆಕ್ಕ ಹಾಕಿ ಕೊನೆಯ ಎರಡು ರವಿವಾರಕ್ಕೆ ಹಸಿರು ಒತ್ತಿದ್ದ. ನವೆಂಬರಿನಲ್ಲಿ ಏನಾಯಿತು ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಟನ್ನಿಗೆ 3,500 ರೂಪಾಯಿ ಕೊಡಿ ಅಂತ ಬೆಳಗಾವಿ, ಬಾಗಲಕೋಟೆ ಜಿಲ್ಲೆಯ ರೈತರು ರಸ್ತೆಗಿಳಿದರು. ಕಾರ್ಖಾನೆಗೆ ಕಬ್ಬು ಹೋಗೋದು ತಡವಾಯಿತು, ಅವನ ಪಾಳಿ ಹಿಂದೆ ಸರಿಯಿತು. ಗ್ಯಾಂಗ್ ಬಂದ ದಿನ ಮನೆಯ ಗಂಡಸು ಹೊಲದಲ್ಲಿರಲೇಬೇಕು. ಅವನ ಹಸಿರು ಮಾತ್ರ ಪಟ್ಟಿಯಲ್ಲಿ ಹಾಗೇ ಹೊಳೆಯುತ್ತಿತ್ತು. ಇನ್ನೊಬ್ಬ ರೈತ ಗೆಳೆಯ ತುಂಬಲೇ ಇಲ್ಲ. ಯಾಕೆ ಅಂತ ಕೇಳಿದರೆ ನನಗೇ ತಿರುಗಿ ಬಿದ್ದ. "ಲಿಂಕ್ ಒಗದ್ರ ಕರದಂಗಾತೇನಲೇ? ಒಂದ್ ಫೋನ್ ಮಾಡಾಕ ಏನಾಗೇತಿ ನಿನಗ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮದುವೆ ಕಾರ್ಡು ಕೊಡೋಕೆ ಹತ್ತೂರು ತಿರುಗುವ ಮಂದಿ ನಾವು.

ಹಾಗಾದರೆ 28 ಸಿಕ್ಕಿದ್ದು ಹೇಗೆ? ಅಂಗಡಿಯ ಗೋಡೆಯ ಮೇಲಿನ ಕ್ಯಾಲೆಂಡರಿನಿಂದ. ಡಿಸೆಂಬರ್ ಮಧ್ಯದಿಂದ ಧನುರ್ಮಾಸ. ಮದುವೆ ಇಲ್ಲ. ಮದುವೆ ಇಲ್ಲ ಅಂದರೆ ಕಲ್ಯಾಣ ಮಂಟಪ ಖಾಲಿ, ಅಡುಗೆಯವರು ಖಾಲಿ, ಯಾರ ಅಕ್ಕನ ಮಗಳ ಅಕ್ಕಿಕಾಳೂ ಅಡ್ಡ ಬರಲ್ಲ. 21 ಎಳ್ಳಮಾವಾಸ್ಯೆಯ ಬೆನ್ನಿಗೇ ಬರುತ್ತಿತ್ತು, ಹೊಲಕ್ಕೆ ಹೋಗಿ ಚರಗ ಚೆಲ್ಲಿ ದಣಿದವರನ್ನ ಮತ್ತೆ ಎಬ್ಬಿಸೋದು ಕಷ್ಟ. ಜನವರಿ 3ಕ್ಕೆ ಬನದ ಹುಣ್ಣಿಮೆ, ಬಾದಾಮಿ ಕಡೆಯವರು ಬನಶಂಕರಿ ಜಾತ್ರೆಗೆ ಹೊರಡುತ್ತಾರೆ. ನಡುವೆ ಉಳಿದದ್ದು 28. ಬೆಂಗಳೂರಿನವರಿಗೆ ವರ್ಷದ ಕೊನೆಯ ರಜೆ ಬೇರೆ. ನಲವತ್ತಾರು ಜನರಿಗೆ ಲಿಂಕ್ ಕಳಿಸುವ ಮೊದಲು ಐದು ನಿಮಿಷ ಗೋಡೆ ನೋಡಿದ್ದರೆ ಒಂಬತ್ತು ತಾರೀಖು ಹಾಕುವ ಜಾಗದಲ್ಲಿ ಎರಡು ಹಾಕುತ್ತಿದ್ದೆ.

ಅದನ್ನ ಬೇಗ ಗಟ್ಟಿ ಮಾಡಬೇಕಾಗಿಯೂ ಇತ್ತು. ರೈಲಿನ ರಿಸರ್ವೇಶನ್ ಮೊದಲು 120 ದಿನ ಮುಂಚೆ ತೆರೆಯುತ್ತಿತ್ತು, 2024ರ ನವೆಂಬರ್ 1ರಿಂದ ಅದು 60 ದಿನ. ವರ್ಷದ ಕೊನೆಯಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಸೀಟು ಬೇಕು ಅಂದರೆ ಅಕ್ಟೋಬರ್ ಕೊನೆಯ ವಾರ ಬುಕಿಂಗ್ ತೆರೆದ ಬೆಳಿಗ್ಗೆಯೇ ಕೂರಬೇಕು. ಪೋಲ್‌ಗೆ ಕೊನೆಯ ದಿನ ಇಡಬೇಕಾದದ್ದು ಅದರ ಹಿಂದಿನ ವಾರಕ್ಕೆ. ನಾನು ಇಟ್ಟಿರಲಿಲ್ಲ. ಮೂವರು ಬಸ್ಸಿನಲ್ಲಿ ಬಂದರು, ಈಗಲೂ ಬೈಯುತ್ತಿದ್ದಾರೆ.

ಇಷ್ಟೆಲ್ಲ ಆದಮೇಲೆ ನೆನಪಾದದ್ದು, ಯಾರಿಗಾಗಿ ಕಾರ್ಯಕ್ರಮವೋ ಅವರನ್ನೇ ಕೇಳಿಲ್ಲ! ಗಣಿತದ ಸರ್ ಮನೆಗೆ ಹೋದೆ. "ನೀವ ಹೇಳಿದ ದಿನಾ ಬರ್ತೀನಪಾ. ಸಂಜಿಮುಂದ ಒಂದ ಬ್ಯಾಡ್ರಿ, ಕತ್ತಲಾದ್ರ ಕಣ್ಣ ಸರಿ ಕಾಣಂಗಿಲ್ಲ" ಅಂದರು. ನಮ್ಮ ಪಟ್ಟಿಯಲ್ಲಿ ಅರ್ಧದಷ್ಟು ಆಯ್ಕೆ ಸಂಜೆ ಐದರದ್ದು. ಸರ್ ಬಾಯಿಂದ ಬಂದ ಒಂದು ಮಾತಿಗೆ ಅವೆಲ್ಲ ಹೋದವು.

ಊಟದ ಲೆಕ್ಕಕ್ಕೂ ಅದೇ ಸೈಟಿನಲ್ಲಿ ಜಾಗ ಇತ್ತು. ಬರುವವರು ಎಷ್ಟು, ಜೊತೆಗೆ ಎಷ್ಟು ಮಂದಿ ಅಂತ. ಅದು ಹೇಳಿದ್ದು 38. ಅಡುಗೆಯವರಿಗೆ ಅದನ್ನೇ ಹೇಳಿದೆ. ಅವರು ಬದನೆಕಾಯಿ ಆರಿಸುತ್ತ ತಲೆಯೆತ್ತದೇ, "ಗುರುವಂದನಾ ಅಂದ್ರಿ ಹೌದಲ್ರೀ? ಅರವತ್ತ ಮಂದಿಗೆ ಮಾಡ್ತೀನ್ರಿ" ಅಂದರು. 57 ಮಂದಿ ಉಂಡರು. ಹೋಳಿಗೆ ಸರಿಯಾಯಿತು, ಎಣಗಾಯಿ ಮಾತ್ರ ಸ್ವಲ್ಪ ಉಳಿಯಿತು.

ಆದ್ದರಿಂದ ಫೋನ್ ಮಾಡಿ ಕೇಳಿದ ಆ ಮೂವರಿಗೆ: ಬಳಸಿ. ಆದರೆ ಕಮಿಟಿಗೆ ಬಳಸಿ. ಗುರುಗಳನ್ನ ಮೊದಲು ಕಂಡು ಬನ್ನಿ, ಕ್ಯಾಲೆಂಡರ್ ನೋಡಿ, ಎರಡು ತಾರೀಖಿಗೆ ಇಳಿಸಿ, ಆಮೇಲೆ ಬ್ಯಾಚಿಗೆ ಕೇಳಿ. ಉತ್ತರ ಎಲ್ಲರಿಗೂ ಕಾಣಲಿ. ನಾಲ್ಕು ಸುಳ್ಳು ಹಸಿರು ಬಂದರೆ ಬರಲಿ, ಅದನ್ನ ನೋಡಿ ನಾಲ್ಕು ನಿಜದ ಹಸಿರೂ ಬರುತ್ತವೆ. ಖಾಲಿ ಸಾಲುಗಳಿಗೆ ನೀವೇ ಫೋನ್ ಮಾಡಿ, ನೀವೇ ತುಂಬಿ. ನಾನು ಕೊನೆಯ ಹತ್ತೊಂಬತ್ತು ಸಾಲು ಹಾಗೇ ತುಂಬಿದ್ದು. ಅಂಗಡಿಯಲ್ಲಿ ದಿನಾ ಮಾಡುವ ಕೆಲಸವೂ ಅದೇ. ಜನ ಎದುರು ನಿಂತು ಹೇಳುತ್ತಾರೆ, ನಾನು ತುಂಬುತ್ತೇನೆ. ಇಲ್ಲಿ ಮಾತ್ರ ಅದನ್ನ ಯಾಕೆ ಮರೆತೆನೋ.

ಜಮಖಂಡಿಯ ಗೆಳತಿ ಬಂದಿದ್ದಳು. ಒಟ್ಟು ಒಂಬತ್ತು ಮಂದಿ ಹೆಣ್ಣುಮಕ್ಕಳು ಒಂದೇ ಕ್ರೂಸರ್ ಮಾಡಿಕೊಂಡು ಬಂದಿದ್ದರು. ಕಬ್ಬಿನ ಗೆಳೆಯ ಊಟದ ಹೊತ್ತಿಗೆ ಹೊಲದಿಂದ ನೇರ ಬಂದು, ಸರ್ ಕಾಲಿಗೆ ಬಿದ್ದು, ಅರ್ಧ ಗಂಟೆಯಲ್ಲಿ ವಾಪಸ್ ಹೋದ.

ಲಿಂಕ್ ಇನ್ನೂ ಜೀವಂತ ಇದೆ, ಮುಚ್ಚೋದು ಮರೆತಿದ್ದೇನೆ. ನಿನ್ನೆ ರಾತ್ರಿ ಮೇಲ್ ಬಂತು, ಹೊಸ ಉತ್ತರ ಬಂದಿದೆ ಅಂತ. ತೆರೆದು ನೋಡಿದೆ. ‘ಬಸು’, ಡಿಸೆಂಬರ್ 7ಕ್ಕೆ ಹಸಿರು. ಯಾವ ಬಸುನೋ ನೀನು, ಕಮೆಂಟಿನಲ್ಲಿ ಹೇಳು ಮಾರಾಯ.