ಕಡಲಾಮೆಗೊಂದು ಸ್ಕ್ರೂಗೇಜ್ ಕೊಡಿಸಿ

ಮೊನ್ನೆ ಭಾನುವಾರ ಬಂಗುಡೆ ತರಲು ಮೀನು ಮಾರ್ಕೆಟಿಗೆ ಹೋಗಿದ್ದೆ. ಮೀನಿನ ಅಕ್ಕ ಒಂದು ಕೆ.ಜಿ. ತೂಗಿದರು, ಕೈ ನೀರಿಗೆ ಅದ್ದಿದರು, ಪಕ್ಕದಲ್ಲಿ ನೇತುಹಾಕಿದ್ದ ಕಟ್ಟಿನಿಂದ ಕಪ್ಪು ತೊಟ್ಟೆಯೊಂದನ್ನು ಸರಕ್ಕನೆ ಎಳೆದರು. ಘಟ್ಟದ ಮೇಲಿನವರಿಗೆ ಹೇಳಿಬಿಡುತ್ತೇನೆ, ತೊಟ್ಟೆ ಅಂದರೆ ನಮ್ಮ ಕಡೆ ಪ್ಲಾಸ್ಟಿಕ್ ಕವರ್. ನಾನು ಪೇಪರ್ ಓದುವವನಲ್ವಾ, ಸುಮ್ನೆ ಇರಲಾಗಲಿಲ್ಲ.

“ಅಕ್ಕ, ಇದು 120 ಮೈಕ್ರಾನ್ ಉಂಟಾ?”

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಬಂಗುಡೆ ಕೆ.ಜಿ. ಲೆಕ್ಕದಲ್ಲಿ ಕೊಡುದು ಮಾರಾಯ್ರೆ. ಮೈಕ್ರಾನ್ ಲೆಕ್ಕದಲ್ಲಿ ಬೇಕಿದ್ರೆ ಆಚೆ ಕೇಳಿ.”

ತಪ್ಪು ಅವರದಲ್ಲ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಮೈಕ್ರಾನ್. ಅದನ್ನು ಕಣ್ಣಳತೆಯಲ್ಲಿ ಹೇಳುವ ವಿದ್ಯೆ ದೇವರು ಯಾರಿಗೂ ಕೊಟ್ಟಿಲ್ಲ. ಆದರೆ ದೆಹಲಿಯವರ ನಿಯಮಪುಸ್ತಕ ನಿಂತಿರುವುದೇ ಇದರ ಮೇಲೆ. ತೊಟ್ಟೆ ಕನಿಷ್ಠ 20 ಮೈಕ್ರಾನ್ ಇರಬೇಕು ಎಂದು 1999ರಲ್ಲಿ ಹೇಳಿದರು. 2011ರಲ್ಲಿ ಅದು 40 ಆಯಿತು. 2016ರಲ್ಲಿ 50. 2021ರ ಸೆಪ್ಟೆಂಬರ್ ಕೊನೆಗೆ 75. 2022ರ ಡಿಸೆಂಬರ್ 31ರಿಂದ 120. ನನ್ನ ಹೊಟ್ಟೆಯೂ ಇದೇ ಅವಧಿಯಲ್ಲಿ ಇದೇ ವೇಗದಲ್ಲಿ ಬೆಳೆದಿದೆ. ಆದರೆ ಅದನ್ನು ಪರಿಸರ ರಕ್ಷಣೆ ಎಂದು ಯಾರೂ ಗೆಜೆಟ್‌ನಲ್ಲಿ ಹಾಕಲಿಲ್ಲ.

ಇದರ ಹಿಂದೆ ಒಂದು ಲೆಕ್ಕಾಚಾರ ಇದೆ, ಇಲ್ಲ ಅನ್ನುವುದಿಲ್ಲ. ದಪ್ಪ ಮಾಡಿದರೆ ರೇಟು ಜಾಸ್ತಿಯಾಗುತ್ತದೆ. ರೇಟು ಜಾಸ್ತಿಯಾದರೆ ಅಂಗಡಿಯವನು ಪುಕ್ಕಟೆ ಕೊಡುವುದಿಲ್ಲ. ತೂಕ ಸಿಗುತ್ತದೆ ಎಂದು ಗುಜರಿಯವನೂ ಹೆಕ್ಕುತ್ತಾನೆ. ಕಾಗದದಲ್ಲಿ ಎಲ್ಲಾ ಸರಿ. ಕಾಗದವನ್ನೇ ಚೀಲ ಮಾಡಿ ಹಂಚಿದ್ದರೆ ಇನ್ನೂ ಸರಿಯಿತ್ತು.

ಅಷ್ಟಕ್ಕೂ ನಮ್ಮ ರಾಜ್ಯ ಸರಕಾರ ಇದಕ್ಕಿಂತ ಒಂದು ಹೆಜ್ಜೆ ಮುಂದೆ. 2016ರ ಮಾರ್ಚ್‌ನಲ್ಲಿ ಅದು ತೊಟ್ಟೆಯನ್ನು ಪೂರ್ತಿ ನಿಷೇಧಿಸಿತು. ದಪ್ಪ ಎಷ್ಟೇ ಇರಲಿ, ಬೇಡ. ಜೊತೆಗೆ ಫ್ಲೆಕ್ಸ್, ಬ್ಯಾನರ್, ಬಂಟಿಂಗ್ಸ್, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಊಟದ ಟೇಬಲ್ಲಿಗೆ ಹಾಸುವ ಹಾಳೆ ಕೂಡ ಬೇಡ. ಈಗ ಎರಡೂ ಕಾನೂನನ್ನು ಪಕ್ಕಪಕ್ಕ ಇಟ್ಟು ಓದಿ. ಕರ್ನಾಟಕದಲ್ಲಿ ತೊಟ್ಟೆ ಇಲ್ಲ. ಆ ಇಲ್ಲದ ತೊಟ್ಟೆ 120 ಮೈಕ್ರಾನ್ ದಪ್ಪ ಇರಬೇಕು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದನ್ನು ಕೇಳಿದ್ದೇವೆ. ಕೂಸು ಹುಟ್ಟಲೇಬಾರದು ಎಂದು ಆದೇಶ ಹೊರಡಿಸಿ, ಆಮೇಲೆ ಕುಲಾವಿ ಬಟ್ಟೆ ಎಷ್ಟು ದಪ್ಪ ಎಂದು ಅಳೆಯುತ್ತಾ ಕೂತಿದ್ದೇವೆ.

ಇದನ್ನು ಮನುಷ್ಯರಾದ ನಾವು ಹೇಗೋ ಸಂಭಾಳಿಸುತ್ತೇವೆ. ನನ್ನ ಚಿಂತೆ ಆಮೆಯದು.

ಕುಂದಾಪುರದ ಕೋಡಿ, ಮರವಂತೆ ಕಡೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಅರಣ್ಯ ಇಲಾಖೆಯವರು ಗೂಡಿನ ಸುತ್ತ ಬಲೆ ಕಟ್ಟಿ ಕಾಯುತ್ತಾರೆ. ಮರಿ ಹೊರಬಂದ ದಿನ ಅವು ಕಡಲಿಗೆ ಹೋಗುವುದನ್ನು ಜನ ಮೊಬೈಲಿನಲ್ಲಿ ಹಿಡಿಯುತ್ತಾರೆ. ಕಾಯುವವರ ಶ್ರಮ ನಿಜವಾಗಿಯೂ ದೊಡ್ಡದು, ಅದರಲ್ಲಿ ತಮಾಷೆ ಇಲ್ಲ. ತಮಾಷೆ ಶುರುವಾಗುವುದು ಮರಿ ನೀರಿಗೆ ಇಳಿದ ಮೇಲೆ. ನೀರಲ್ಲಿ ತೇಲುವ ತೊಟ್ಟೆ ಆಮೆಯ ಕಣ್ಣಿಗೆ ಲೋಳೆಮೀನಿನ ಹಾಗೆ ಕಾಣುತ್ತದೆ. ಕಣ್ಣು ಮೋಸ ಹೋಗದಿದ್ದರೆ ಮೂಗು ಹೋಗುತ್ತದೆ. ಕೆಲವು ವಾರ ಕಡಲಲ್ಲಿ ನೆಂದ ಪ್ಲಾಸ್ಟಿಕ್ಕಿಗೆ ಪಾಚಿ ಹಿಡಿದು, ಅದಕ್ಕೆ ಆಹಾರದ್ದೇ ವಾಸನೆ ಬರುತ್ತದಂತೆ. ವಿಜ್ಞಾನಿಗಳು ಆಮೆಗಳ ಮೂಗಿಗೆ ಆ ವಾಸನೆ ಹಿಡಿದೇ ಪರೀಕ್ಷೆ ಮಾಡಿದ್ದಾರೆ. ಊಟದ ವಾಸನೆಗೆ ಹೇಗೋ ಇದಕ್ಕೂ ಹಾಗೇ ತಲೆ ಎತ್ತಿದವು.

ನುಂಗಿದ ಮೇಲೆ ಉಗುಳೋಣ ಅಂದರೆ ಅದೂ ಆಗದು. ಆಮೆಯ ಗಂಟಲಿನ ತುಂಬಾ ಹಿಂದಕ್ಕೆ ಬಾಗಿದ ಮುಳ್ಳುಗಳಿವೆ. ಹಿಡಿದ ಬೇಟೆ ಜಾರದಿರಲಿ ಎಂದು ಪ್ರಕೃತಿ ಮಾಡಿದ ಏರ್ಪಾಡು. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ, ತಾಲ್ಲೂಕು ಕಚೇರಿಗೆ ಕೊಟ್ಟ ಅರ್ಜಿಯ ಹಾಗೆ. ಆಸ್ಟ್ರೇಲಿಯಾದ ಸಂಶೋಧಕರು 2018ರಲ್ಲಿ ಲೆಕ್ಕ ಹಾಕಿದರು: ಹೊಟ್ಟೆಯಲ್ಲಿ 14 ಚೂರು ಪ್ಲಾಸ್ಟಿಕ್ ಸೇರಿದರೆ ಆಮೆ ಸಾಯುವ ಸಂಭವ ನೂರಕ್ಕೆ 50. ಅವರು ಚೂರು ಎಣಿಸಿದರು, ನಾವು ದಪ್ಪ ಅಳೆಯುತ್ತಿದ್ದೇವೆ. ಹಾಗಾಗಿ ಸರಕಾರಕ್ಕೆ ನನ್ನದೊಂದು ಸಲಹೆ. ಗೂಡಿನಿಂದ ಹೊರಬರುವ ಒಂದೊಂದು ಮರಿಯ ಕುತ್ತಿಗೆಗೂ ಪಿಯುಸಿ ಲ್ಯಾಬಿನಲ್ಲಿ ದಪ್ಪ ಅಳೆಯುವ ಸ್ಕ್ರೂಗೇಜ್ ಒಂದು ನೇತುಹಾಕಿ. ತೊಟ್ಟೆ ಎದುರಾದಾಗ ಅಳೆಯಲಿ. 119 ಇದ್ದರೆ ಕಾನೂನುಬಾಹಿರ, ತಿನ್ನದೆ ದೂರು ಕೊಡಲಿ. 120 ಇದ್ದರೆ ಕೇಂದ್ರದ ಒಪ್ಪಿಗೆ ಇದೆ, ನೆಮ್ಮದಿಯಿಂದ ತಿನ್ನಲಿ.

ತಿಮಿಂಗಿಲಕ್ಕೆ ಸ್ವಲ್ಪ ದೊಡ್ಡ ಗೇಜ್ ಬೇಕಾಗಬಹುದು. 2018ರ ನವೆಂಬರಿನಲ್ಲಿ ಇಂಡೋನೇಷ್ಯಾದ ವಾಕಟೋಬಿಯಲ್ಲಿ ಸ್ಪರ್ಮ್ ತಿಮಿಂಗಿಲವೊಂದು ಸತ್ತು ದಡಕ್ಕೆ ಬಂತು. ಹೊಟ್ಟೆಯಲ್ಲಿ ಸುಮಾರು 6 ಕೆ.ಜಿ. ಪ್ಲಾಸ್ಟಿಕ್. 115 ಲೋಟ, 25 ತೊಟ್ಟೆ, 4 ಬಾಟಲಿ, 2 ಹವಾಯಿ ಚಪ್ಪಲಿ. ಓದಿದಾಗ ಇದು ತಿಮಿಂಗಿಲದ ಹೊಟ್ಟೆಯ ಲೆಕ್ಕವೋ, ನಮ್ಮೂರ ಸಭಾಭವನದಲ್ಲಿ ನಡೆದ ಸೀಮಂತದ ಮರುದಿನದ ಲೆಕ್ಕವೋ ಎಂದು ಗೊಂದಲವಾಯಿತು. ದೇಹ ತುಂಬಾ ಕೊಳೆತಿದ್ದರಿಂದ ಸಾವಿಗೆ ಪ್ಲಾಸ್ಟಿಕ್ಕೇ ಕಾರಣ ಎಂದು ಖಚಿತವಾಗಿ ಹೇಳಲು ಅಲ್ಲಿನವರಿಗೆ ಆಗಲಿಲ್ಲ. ತೊಟ್ಟೆಗಳು ಎಷ್ಟು ಮೈಕ್ರಾನ್ ಇದ್ದವು ಎಂಬ ಮುಖ್ಯ ವಿಷಯ ಮಾತ್ರ ನಾನು ಓದಿದ ಸುದ್ದಿಯಲ್ಲಿ ಇರಲಿಲ್ಲ.

ಹಾಗಂತ ನಾವು ಕೈಕಟ್ಟಿ ಕೂತಿಲ್ಲ. ಒಮ್ಮೆ ನಾನೂ ಕಡಲತೀರ ಸ್ವಚ್ಛತೆಗೆ ಹೋಗಿದ್ದೆ. ದಂಡೆಯ ಮೇಲೆ 20 ಅಡಿ ಉದ್ದದ ಸ್ವಾಗತ. ‘ಪ್ಲಾಸ್ಟಿಕ್ ಮುಕ್ತ ಕಡಲು ನಮ್ಮ ಗುರಿ’ ಎಂದು ಫ್ಲೆಕ್ಸಿನಲ್ಲೇ ಬರೆದಿತ್ತು. ಅದರಲ್ಲಿ 12 ಮುಖಗಳು, ಮೂಲೆಯಲ್ಲೊಂದು ಆಮೆ. ಆಮೆಯ ಗಾತ್ರ ಅಧ್ಯಕ್ಷರ ಮೀಸೆಗಿಂತ ಸಣ್ಣದು. ಎಲ್ಲರಿಗೂ ಒಂದೊಂದು ಜೊತೆ ಪ್ಲಾಸ್ಟಿಕ್ ಗ್ಲೌಸ್, ಎರಡು ಗುಟುಕಿಗೆ ಮುಗಿಯುವ ನೀರಿನ ಬಾಟಲಿ, ಥರ್ಮಾಕೋಲ್ ತಟ್ಟೆಯಲ್ಲಿ ಅವಲಕ್ಕಿ. ಭಾಷಣ ಮುಕ್ಕಾಲು ಗಂಟೆ, ಕಸ ಹೆಕ್ಕಿದ್ದು ಕಾಲು ಗಂಟೆ. ನಾವು ಬರುವ ಮುಂಚೆ ದಂಡೆಯಲ್ಲಿ ಇದ್ದ ಬಾಟಲಿಗಿಂತ ಹೋಗುವಾಗ ಇದ್ದದ್ದು ಜಾಸ್ತಿ ಎಂದು ನನ್ನ ಅನುಮಾನ. ಎಣಿಸಲಿಲ್ಲ, ಫೋಟೊಗೆ ಕರೆದರು.

ಆ ಫ್ಲೆಕ್ಸ್ ವ್ಯರ್ಥವಾಗಲಿಲ್ಲ ಅನ್ನಿ. ಈಗ ಅದು ನಮ್ಮ ಪಕ್ಕದ ಮನೆಯವರ ಕಟ್ಟಿಗೆ ರಾಶಿಯ ಮೇಲಿದೆ. ಅಧ್ಯಕ್ಷರು ತಲೆಕೆಳಗಾಗಿ ನಗುತ್ತಾ ಮಳೆಗೆ ನೆನೆಯುತ್ತಿದ್ದಾರೆ. ಇಡೀ ಕಾರ್ಯಕ್ರಮದಲ್ಲಿ ಮರುಬಳಕೆ ಆದದ್ದು ಅದೊಂದೇ.

ಮಳೆಗಾಲದಲ್ಲಿ ಕಡಲು ತನ್ನ ಲೆಕ್ಕ ತೀರಿಸುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ. ಮೀನು ಮರಿ ಮಾಡುವ ಕಾಲ. 61 ದಿನ ಬೋಟುಗಳು ಬಂದರಿನಲ್ಲಿ ಒಂದಕ್ಕೊಂದು ತಾಗಿಕೊಂಡು ಸುಮ್ನೆ ನಿಂತಿರುತ್ತವೆ. ತೊಟ್ಟೆಗೆ ಆ ರಜೆ ಇಲ್ಲ. ಸ್ವರ್ಣಾ, ಸೀತಾ, ನೇತ್ರಾವತಿ ಎಲ್ಲಾ ಕೆಂಪಾಗಿ ತುಂಬಿ, ದಾರಿಯಲ್ಲಿ ಸಿಕ್ಕ ಊರಿನ ಕಸವನ್ನೆಲ್ಲಾ ಕಡಲಿಗೆ ತಂದು ಒಪ್ಪಿಸುತ್ತವೆ. ಕಡಲು ಅದನ್ನು ನಾಲ್ಕು ದಿನ ಇಟ್ಟುಕೊಂಡು, ವಿಳಾಸ ತಪ್ಪಿದ ಪಾರ್ಸೆಲ್ಲಿನ ಹಾಗೆ ದಂಡೆಗೆ ಎಸೆಯುತ್ತದೆ. ಆಗಸ್ಟಿನಲ್ಲಿ ಮೊದಲ ಬಲೆ ಎಳೆದಾಗ ಬೂತಾಯಿಯ ಜೊತೆ ಗುಟ್ಕಾ ಪ್ಯಾಕೆಟ್ಟೂ ಬರುತ್ತದೆ. ಮೀನುಗಾರರೂ ಪೂರ್ತಿ ಪುಣ್ಯವಂತರಲ್ಲ, ಹರಿದ ನೈಲಾನ್ ಬಲೆ ಎಷ್ಟೋ ಸಲ ಕಡಲಲ್ಲೇ ಉಳಿಯುತ್ತದೆ. ಯಜಮಾನ ಇಲ್ಲದೆಯೂ ಅದು ಮೀನು ಹಿಡಿಯುತ್ತಲೇ ಇರುತ್ತದೆ. ಪೆಸಿಫಿಕ್ಕಿನ ನಡುವೆ ತೇಲುವ ಆ ಪ್ರಸಿದ್ಧ ಕಸದ ರಾಶಿಯಲ್ಲಿ ತೂಕದ ಲೆಕ್ಕಕ್ಕೆ 46 ಶೇಕಡಾ ಬಲೆಗಳೇ ಎಂದು 2018ರ ಅಧ್ಯಯನವೊಂದು ಹೇಳಿತ್ತು.

ನಮ್ಮದೇ ಹೀಗೆ, ದೊಡ್ಡವರಾದರೂ ಸರಿಮಾಡಿಯಾರು ಅಂದುಕೊಂಡಿದ್ದೆ. 2022ರ ಮಾರ್ಚ್‌ನಲ್ಲಿ ನೈರೋಬಿಯಲ್ಲಿ ಲೋಕದ ದೇಶಗಳೆಲ್ಲ ಸೇರಿ, 2024ರ ಕೊನೆಯೊಳಗೆ ಪ್ಲಾಸ್ಟಿಕ್ ಒಪ್ಪಂದ ಮಾಡುತ್ತೇವೆ ಎಂದು ನಿರ್ಧರಿಸಿದವು. ಉರುಗ್ವೆ, ಪ್ಯಾರಿಸ್, ನೈರೋಬಿ, ಒಟ್ಟಾವಾ, ಬುಸಾನ್ ಸುತ್ತಿ ಬಂದರು. ಆಗಲಿಲ್ಲ. 2025ರ ಆಗಸ್ಟಿನಲ್ಲಿ ಜಿನೀವಾದಲ್ಲಿ ಕೂತರು. ಕೊನೆಯ ರಾತ್ರಿ ಬೆಳಗಿನವರೆಗೂ ಎಳೆದು, ಒಪ್ಪಂದವಿಲ್ಲದೆ ಎದ್ದರು. ಪ್ಲಾಸ್ಟಿಕ್ ತಯಾರಿಯನ್ನೇ ಕಡಿಮೆ ಮಾಡೋಣ ಎಂದು ಬಹಳ ದೇಶಗಳು. ತಯಾರಿಯ ಸುದ್ದಿ ಬೇಡ, ಕಸದ ಬಗ್ಗೆ ಮಾತ್ರ ಮಾತಾಡೋಣ ಎಂದು ಎಣ್ಣೆ ಮಾರುವ ದೇಶಗಳು. ಪ್ಲಾಸ್ಟಿಕ್ ಹುಟ್ಟುವುದೇ ಎಣ್ಣೆ, ಗ್ಯಾಸಿನಿಂದ ಅಲ್ವಾ. ದೋಣಿಗೆ ತೂತು ಬಿದ್ದಿದೆ, ಒಳಗೆ ಕೂತವರೆಲ್ಲ ತೂತು ಎಷ್ಟು ಮೈಕ್ರಾನ್ ಎಂದು ಚರ್ಚೆ ಮಾಡುತ್ತಿದ್ದಾರೆ.

ಒಂದು ಮಾತು ಒಪ್ಪಬೇಕು. ಮೈಕ್ರಾನ್ ನಿಯಮ ಕೊನೆಗೂ ಒಂದು ಕಡೆ ಕಟ್ಟುನಿಟ್ಟಾಗಿ ಜಾರಿಗೆ ಬಂದಿದೆ. ತೊಟ್ಟೆ ಕಡಲಲ್ಲಿ ಕರಗುವುದಿಲ್ಲ. ಬಿಸಿಲಿಗೆ ಗರಿಗರಿಯಾಗಿ, ಅಲೆಗೆ ಚೂರಾಗಿ, ಆ ಚೂರು ಮತ್ತೆ ಚೂರಾಗಿ, ಕೊನೆಗೆ ನಿಜವಾಗಿಯೂ ಮೈಕ್ರಾನ್ ಲೆಕ್ಕಕ್ಕೆ ಇಳಿಯುತ್ತದೆ. ಆಗ ಅದನ್ನು ಬೂತಾಯಿ ನುಂಗುತ್ತದೆ. ಅಳತೆ ಸರಿಯಾಗಿ ನಡೆದಿರುವುದು ಅಲ್ಲೊಂದೇ ಕಡೆ.

ಆ ಭಾನುವಾರದ ತೊಟ್ಟೆಯನ್ನು ನಾನು ಎಸೆಯಲಿಲ್ಲ. ತೊಳೆದು ಒಣಗಿಸಿ, ಪಿಯುಸಿ ಓದುವ ಅಣ್ಣನ ಮಗನ ಕೈಯಲ್ಲಿ ಕೊಟ್ಟೆ. ಅವನು ಲ್ಯಾಬಿನ ಸ್ಕ್ರೂಗೇಜಿನಲ್ಲಿ ಹಿಡಿದು ನೋಡಿ ಬಂದ. 30 ಮೈಕ್ರಾನ್. ಮುಂದಿನ ವಾರ ಬಟ್ಟೆ ಚೀಲ ಹಿಡಿದುಕೊಂಡು ಹೋಗಿ, ಅಕ್ಕನಿಗೆ ಗಂಭೀರವಾಗಿ ವಿಷಯ ತಿಳಿಸಿದೆ. ನಿಮ್ಮ ತೊಟ್ಟೆ ಬರೀ 30, ಕಾನೂನಿನ ಪ್ರಕಾರ 120 ಬೇಕು ಅಂತ.

ಅಕ್ಕ ಒಂದು ಕ್ಷಣ ಯೋಚನೆ ಮಾಡಿದರು. ಬಂಗುಡೆಯನ್ನು ಒಂದು ತೊಟ್ಟೆಗೆ ಹಾಕಿದರು. ಅದನ್ನು ಇನ್ನೊಂದಕ್ಕೆ, ಅದನ್ನು ಮತ್ತೊಂದಕ್ಕೆ, ಕೊನೆಗೆ ನಾಲ್ಕನೆಯದಕ್ಕೆ ಹಾಕಿ ಗಂಟು ಬಿಗಿದು, ನನ್ನ ಬಟ್ಟೆ ಚೀಲದೊಳಗೆ ಇಳಿಸಿದರು.

“ಮೂವತ್ತು ನಾಲ್ಕಲೆ ನೂರಿಪ್ಪತ್ತು. ಈಗ ಸಮ ಆಯ್ತಲ್ವಾ ಮಾರಾಯ್ರೆ?”