ಆ ಫೋಕಸ್ ಲೈಟು ಆರಿಸಿ

ನಿನ್ನೆ ರಾತ್ರಿ ಮಧುಗಿರಿಯಿಂದ ವಾಪಸ್ ಬಂದಾಗಿಂದ ಹೊಟ್ಟೆ ಉರೀತಿದೆ. ಬರೆಯದೆ ನಿದ್ದೆ ಬರಲ್ಲ.

ಕಾರ್ಯಕ್ರಮದ ಕೊನೆಗೆ ತೊಗಲುಗೊಂಬೆಯಾಟ ಇದೆ ಅಂತ ಮಗಳನ್ನೂ ಕರ್ಕೊಂಡು ಹೋಗಿದ್ದೆ. ಭಾಷಣಗಳೆಲ್ಲ ಮುಗಿದ ಮೇಲೆ ಪರದೆ ಕಟ್ಟಿ ಹಿಂದೆ ದೀಪ ಹಚ್ಚಿದ ಮೇಳದ ಹಿರಿಯರು ಈಚೆ ಬಂದು ಕೈಮುಗಿದರು: "ಸ್ವಾಮಿ, ಪರದೆ ಮುಂದಿನ ಫೋಕಸ್ ಲೈಟು ಆರಿಸಿ." ಆರಿಸಲಿಲ್ಲ. ಗಣಪತಿ ಬಂದ, ಕಾಣಲಿಲ್ಲ. ಸರಸ್ವತಿ ಬಂದಳು, ಕಾಣಲಿಲ್ಲ. ಮತ್ತೆ ಕೇಳಿದರು. "ವಿಡಿಯೋ ಸರಿಯಾಗಿ ಬರಲ್ಲ, ಹಂಗೇ ಆಡಿಸಿ" ಅನ್ನೋ ಉತ್ತರ ಬಂತು ಆಯೋಜಕರಿಂದ. "ಅಪ್ಪಾ, ಗೊಂಬೆ ಎಲ್ಲಿ?" ಅಂದಳು ಮಗಳು.

ಆಡಿನ ಚರ್ಮವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು, ಒಡವೆಯ ಒಂದೊಂದು ಮಣಿಗೂ ತೂತು ಕೊರೆದು ಬಣ್ಣ ಹಾಕಿರ್ತಾರೆ. ಆ ತೂತಿನಿಂದ ಬೆಳಕು ಬಂದರೇನೇ ರಾವಣನ ಕಿರೀಟ ಹೊಳೆಯೋದು. ಸೂತ್ರದ ಗೊಂಬೆಯನ್ನ ಬೆಳಕಲ್ಲೂ ಕುಣಿಸಬಹುದು. ಇದಕ್ಕೆ ಕತ್ತಲೆಯೇ ರಂಗಮಂಟಪ. ಅವರು ಕೇಳಿದ್ದು ಅದೊಂದೇ.

ಪಾವಗಡದ ನಮ್ಮಜ್ಜಿ ಹೇಳ್ತಿದ್ದಳು. ಮಳೆ ಕೈಕೊಟ್ಟ ವರ್ಷ ಊರವರೇ ಮೇಳ ಕರೆಸಿ ಬೆಳಗಾಗೋವರೆಗೂ ಆಡಿಸ್ತಿದ್ರಂತೆ. ನಗಿಸೋ ಜೋಡಿಗೊಂಬೆಗಳಾದ ಕಿಳ್ಳೇಕ್ಯಾತ, ಬಂಗಾರಕ್ಕ ಪರದೆ ಮೇಲೆ ಬಂದು ಮಾತಿಗಿಳಿದರೆ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಗ್ತಿದ್ರಂತೆ. ಕಿಳ್ಳೇಕ್ಯಾತ ಅನ್ನೋ ಆ ಗೊಂಬೆಯ ಹೆಸರನ್ನೇ ಆಡಿಸೋ ಜನಕ್ಕೂ ಅಂಟಿಸಿ, ಆಮೇಲೆ ಅದನ್ನೇ ಬೈಗುಳ ಮಾಡಿಕೊಂಡವರು ನಾವು.

"ಹೆಂಗಸರು ಮಕ್ಕಳು ಇರ್ತಾರೆ, ಪೂರ್ತಿ ಕತ್ತಲೆ ಮಾಡೋಕಾಗುತ್ತಾ?" ಅಂದರು ಜೊತೆಗಿದ್ದ ಸ್ನೇಹಿತರು. ಟಾಕೀಸಲ್ಲಿ ಮಾಡಲ್ವಾ? ದಾರಿಯ ಲೈಟು ಇರಲಿ, ಪರದೆಗೆ ಮುಖ ಮಾಡಿ ನಿಂತ ಆ ಒಂದು ಲೈಟು ಆರಿಸಿ ಅಂದದ್ದಷ್ಟೇ.

ಇದೇ ತೊಗಲುಗೊಂಬೆ ಆಡಿಸೋ ಕಲಾವಿದರಾದ, ಗಡಿಯಾಚೆ ಆಂಧ್ರದ ನಿಮ್ಮಲಕುಂಟದ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ, ಕೊಪ್ಪಳದ ಮೊರನಾಳದ ಭೀಮವ್ವನವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಭೀಮವ್ವನ ಫೋಟೋ ನಾವೆಲ್ಲ ಇಲ್ಲೇ ಹಂಚಿಕೊಂಡೆವು. ದಿಲ್ಲಿ ಕೊಟ್ಟ ಮರ್ಯಾದೆ ಸರಿ. ನಮ್ಮೂರು ಒಂದು ಸ್ವಿಚ್ಚು ಒತ್ತಲಿಲ್ಲ.

ಇನ್ನೊಂದು ಹೇಳಿಬಿಡ್ತೀನಿ. ಆರು ವರ್ಷದ ಹಿಂದೆ ನಾನೂ ನಮ್ಮ ಶಾಲೆಗೆ ಒಂದು ಮೇಳ ಕರೆಸಿದ್ದೆ, ಬೆಳಗ್ಗೆ ಹನ್ನೊಂದಕ್ಕೆ, ಶಾಮಿಯಾನದ ಕೆಳಗೆ. "ಸಂಜೆ ಮೇಲೆ ಇಟ್ಕಳಿ ಮೇಷ್ಟ್ರೇ" ಅಂದಿದ್ರು. ಬಸ್ಸಿನ ನೆಪ ಹೇಳಿದೆ. ಒಂದು ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿದ್ದರೂ ಸಾಕಿತ್ತು, ಹೊಳೆಯಲಿಲ್ಲ. ಅದೂ ಸುಳ್ಳು. ಹೊಳೆದಿತ್ತು, ಯಾರು ಕಟ್ತಾರೆ ಅಂತ ಸುಮ್ಮನಾದೆ. ನಿನ್ನೆ ಆ ಹಿರಿಯರು ಕೈಮುಗಿದಾಗ ನನಗೆ ತಲೆ ಎತ್ತೋಕಾಗಲಿಲ್ಲ.

ಜನ ಚೆದುರಿದ ಮೇಲೆ ಲೈಟಿನವರು ವೈರು ಕಿತ್ತರು. ಆಗ ಆಯ್ತು ಕತ್ತಲೆ. ಗೊಂಬೆಗಳನ್ನು ಬುಟ್ಟಿಗೆ ಜೋಡಿಸ್ತಿದ್ದ ಹಿರಿಯರು ಮಗಳು ನಿಂತಿದ್ದನ್ನು ನೋಡಿ, ನನ್ನ ಮೊಬೈಲಿನ ಟಾರ್ಚು ಹಿಂದಿನಿಂದ ಹಿಡಿಯೋಕೆ ಹೇಳಿ, ಹನುಮಂತನನ್ನು ಪರದೆಗೆ ಒತ್ತಿದರು. ಕೆಂಪು, ಹಸಿರು, ಬಾಲದ ತುದಿವರೆಗೂ ಬೆಳಕು. ಮಗಳು ಮಾತೇ ಆಡಲಿಲ್ಲ.

ಮುಂದಿನ ತಿಂಗಳು ನಮ್ಮ ಶಾಲೆಗೆ ಬರ್ತೀರಾ ಅಂತ ಕೇಳಿದೆ.

"ರಾತ್ರೀನೇ ತಾನೆ, ಸ್ವಾಮಿ?" ಅಂದರು.